ಇಂದ್ರಮ್ಮನ ಗೋಡೆಗೆ ನಾನು ಕೂರಿಸಿದ ಗೊಂಬೆ

ಭಾರತದ ಸಂಸತ್ತಿನಲ್ಲಿ ನನ್ನ ಪತ್ರವನ್ನು ಓದಿದ ದಿನ ನಜರ್‌ಬಾದಿನಲ್ಲಿ ಕರೆಂಟು ಇರಲಿಲ್ಲ. ಇದ್ದಿದ್ದರೆ ನಮ್ಮ ಬೀದಿಯ ಅರವತ್ತು ಮನೆಗಳ ಟಿವಿಯಲ್ಲೂ ನನ್ನ ಕೀರ್ತಿ ಒಟ್ಟಿಗೇ ಮೊಳಗಿ, ಆ ಸದ್ದಿಗೆ ಇನ್ನೂ ನಾಲ್ಕು ಹಳೆಯ ಗೋಡೆಗಳು ಉರುಳುತ್ತಿದ್ದವು. ಗೋಡೆಗಳ ಅದೃಷ್ಟ, ಉಳಿದುಕೊಂಡವು.

ನನ್ನ ಹೆಸರು ವಾಗೀಶ. ಮೃಗಾಲಯದ ಟಿಕೆಟ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತವನು. ಕಾಶ್ಮೀರದವರು, ಕನ್ಯಾಕುಮಾರಿಯವರು, ಮಧ್ಯೆ ಇರುವವರು ಎಲ್ಲರೂ ನನ್ನ ಕೈಯಿಂದ ಟಿಕೆಟ್ಟು ಪಡೆದೇ ಜಿರಾಫೆ ನೋಡಿದ್ದಾರೆ. ದೇಶವನ್ನು ಇಷ್ಟು ಹತ್ತಿರದಿಂದ, ಇಷ್ಟು ಚಿಕ್ಕ ಕಿಂಡಿಯಲ್ಲಿ ಪ್ರಧಾನಮಂತ್ರಿಗಳಾದವರೂ ನೋಡಿರಲಾರರು. ಆದ್ದರಿಂದ ನಿವೃತ್ತನಾದ ಮಾರನೆಯ ಬೆಳಗ್ಗೆಯೇ ರಾಷ್ಟ್ರದ ಸಮಸ್ಯೆಗಳನ್ನು ಕೈಗೆತ್ತಿಕೊಂಡೆ. ದಿನಕ್ಕೊಂದು ಸಮಸ್ಯೆ, ವಾರಕ್ಕೊಂದು ಪತ್ರ. ಭಾನುವಾರ ದೇಶಕ್ಕೂ ನನಗೂ ರಜೆ.

ಈ ಕಥೆಗೆ ಸಂಬಂಧಪಟ್ಟ ಪತ್ರ ಹೋದದ್ದು ರಾಜ್ಯಸಭಾ ಸದಸ್ಯೆ ಸುಚಿತ್ರಾ ಅವರಿಗೆ. ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಈಗ ದೆಹಲಿಗೆ ಪಾಠ ಹೇಳುತ್ತಿದ್ದಾರೆ. ಪತ್ರ ಹನ್ನೊಂದು ಪುಟ. ಹಿರಿಯ ನಾಗರಿಕರಿಗೆ ರೈಲಿನ ರಿಯಾಯಿತಿ, ಕೋತಿಗಳ ಬಗ್ಗೆ ರಾಷ್ಟ್ರೀಯ ನೀತಿ, ಬ್ಯಾಂಕಿನ ಫಾರಂಗಳಲ್ಲಿ ಅಕ್ಷರಗಳ ಗಾತ್ರ, ಹಿಂದೂ ಮಹಾಸಾಗರದ ಭದ್ರತೆ ಎಲ್ಲವನ್ನೂ ಅದರಲ್ಲಿ ಒಂದೇ ಸಲಕ್ಕೆ ಬಗೆಹರಿಸಿದ್ದೆ. ಕೊನೆಯ ಪುಟದ ಕೆಳಗೆ ನಾಲ್ಕು ಬೆರಳು ಜಾಗ ಮಿಕ್ಕಿತ್ತು. ನಾನು ಅಂಟು ಹುಡುಕುತ್ತಿದ್ದ ಹೊತ್ತಿಗೆ ನನ್ನ ಹೆಂಡತಿ ಅಂಬುಜಾ ಆ ಜಾಗದಲ್ಲಿ ಪೆನ್ಸಿಲಿನಿಂದ ಎರಡು ಸಾಲು ತುರುಕಿಬಿಟ್ಟಳು. ‘ಎದುರು ಮನೆ ಇಂದ್ರಮ್ಮನ ಅಡುಗೆಮನೆ ಗೋಡೆ ಮಳೆಗೆ ಬಿದ್ದಿದೆ. ಅಳೆಯುವವರು ಮುಂಬಾಗಿಲಲ್ಲಿ ನಿಂತು ನೋಡಿ ಹೋದರು, ಮಳೆ ಹಿಂದಿನಿಂದ ಬಂದಿತ್ತು.’ ಹಿಂದೂ ಮಹಾಸಾಗರದ ಕೆಳಗೆ ಅಡುಗೆಮನೆ. ಅಳಿಸೋಣವೆಂದರೆ ರಬ್ಬರು ಸಿಗಲಿಲ್ಲ, ಹಾಗೇ ಹೋಯಿತು.

ಇಂದ್ರಮ್ಮನ ವಿಷಯ ಹೇಳಬೇಕು. ಹೆಬ್ಬಾಳದ ಕಾರ್ಖಾನೆಗಳಿಗೆ ಬೆಳಗಿನ ಪಾಳಿಗೆ ಹೋಗುವವರ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ನಿಲ್ಲುತ್ತದೆ. ಆ ಬಸ್ಸಿನವರಿಗೆಲ್ಲ ಇಪ್ಪತ್ತು ವರ್ಷದಿಂದ ಇಡ್ಲಿ ಇಂದ್ರಮ್ಮನದು. ಗಂಡ ಹೋದಮೇಲೆ ಮಗಳನ್ನು ಓದಿಸಿ ಮದುವೆ ಮಾಡಿದ್ದೂ ಆ ಇಡ್ಲಿಯೇ. ಆ ಇಡ್ಲಿಯ ಹಗುರವನ್ನು ಕುರಿತು ನಾನು ಉತ್ಪ್ರೇಕ್ಷೆ ಮಾಡುವುದಿಲ್ಲ. ಫ್ಯಾನು ಹಾಕಿದರೆ ತಟ್ಟೆ ಹಿಡಿದುಕೊಳ್ಳಬೇಕು, ಅಷ್ಟೇ. ಆಷಾಢದ ಮಳೆಗೆ ಅಡುಗೆಮನೆಯ ಹಿಂದಿನ ಮಣ್ಣಿನ ಗೋಡೆ ಇಡಿಯಾಗಿ ಮಲಗಿತು, ಮೇಲಿನ ಹೆಂಚು ಅರ್ಧ ಅದರ ಜೊತೆ ಬಂತು, ಒಲೆ ಒಳಗೆ ಸಮಾಧಿಯಾಯಿತು. ಅಂದಿನಿಂದ ಬಸ್ಸಿನವರು ಬ್ರೆಡ್ಡು ತಿಂದು ಹೋಗುತ್ತಿದ್ದಾರೆ.

ರೆವಿನ್ಯೂ ಇನ್ಸ್‌ಪೆಕ್ಟರ್ ವಿಜಯ್‌ಕುಮಾರ್ ಮಳೆಯಲ್ಲೇ ಬಂದರು. ಅಂದು ಅವರಿಗೆ ನೋಡಬೇಕಾದ ಮನೆ ನಲವತ್ತು, ಇದ್ದದ್ದು ಒಂದೇ ಕೊಡೆ. ಮುಂಬಾಗಿಲಲ್ಲಿ ನಿಂತು ಇಣುಕಿ ‘ಸಿ’ ಎಂದು ಬರೆದರು. ಎ ಎಂದರೆ ಮನೆ ಪೂರ್ತಿ ಹೋದದ್ದು, ಬಿ ಎಂದರೆ ಅರ್ಧ ಹೋದದ್ದು, ಸಿ ಎಂದರೆ ಚೂರುಪಾರು. ಬಿ ಆದರೆ ಸಿಗುವ ಪರಿಹಾರದ ಹಣದಲ್ಲಿ ಗೋಡೆ ಏಳುತ್ತದೆ. ಸಿ ಆದರೆ ಗೋಡೆಗೆ ಬಾಗಿಲು ಕೊಳ್ಳಬಹುದು, ಗೋಡೆ ಮಾತ್ರ ಇರುವುದಿಲ್ಲ. ಅಂಬುಜಾ ಇಂದ್ರಮ್ಮನನ್ನು ಕರೆದುಕೊಂಡು ಹೋಗಿ ಮರು ಮಹಜರಿಗೆ ಅರ್ಜಿ ಹಾಕಿಸಿದಳು. ಮಹಜರು ಎಂದರೆ ಅಧಿಕಾರಿ ಸ್ಥಳದಲ್ಲೇ ನಿಂತು ಕಂಡದ್ದನ್ನು ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿಕೊಳ್ಳುವ ಕಾಗದ. ವಿಜಯ್‌ಕುಮಾರ್ ಒಂದೇ ಮಾತು ಹೇಳಿದ್ದರಂತೆ: ಮತ್ತೆ ಬಂದು ನೋಡುವವರೆಗೆ ಬಿದ್ದ ಮಣ್ಣಿನಲ್ಲಿ ಒಂದು ಹಿಡಿಯನ್ನೂ ಕದಲಿಸಬೇಡಿ.

ಇಂದ್ರಮ್ಮ ಆ ಮಣ್ಣನ್ನು ಎರಡು ತಿಂಗಳು ಕಾಯ್ದಳು. ಕೋಳಿ ಕೆದಕಿದರೆ ಓಡಿಸುತ್ತಿದ್ದಳು.

ಇನ್ನು ಸಂಸತ್ತಿನ ದಿನ. ಕರೆಂಟಿಲ್ಲದ್ದರಿಂದ ಶಾಮಿಯಾನ ಅಂಗಡಿಯ ನಂಜಯ್ಯನ ಮೊಬೈಲಿನ ಸುತ್ತ ನಾವು ಹತ್ತು ಹನ್ನೆರಡು ಜನ ತಲೆಗೆ ತಲೆ ಆನಿಸಿ ನಿಂತಿದ್ದೆವು. ಅಂದು ರಾಜ್ಯಸಭೆಯಲ್ಲಿ ಸುಚಿತ್ರಾ ಅವರು ಮಾತಾಡುತ್ತಾರೆಂದು ಪೇಪರಿನಲ್ಲಿ ಬಂದಿತ್ತು. ಸಿಕ್ಕಿದ್ದು ಮೂರು ನಿಮಿಷ. ಸುಚಿತ್ರಾ ಅವರು ಎದ್ದು, ಸೆರಗು ಸರಿಮಾಡಿಕೊಂಡು, ಕನ್ನಡದಲ್ಲೇ ಶುರುಮಾಡಿದರು. ಆ ಅಷ್ಟು ದೊಡ್ಡ ಸಭಾಂಗಣದಲ್ಲಿ ನಮ್ಮ ಮಾರ್ಕೆಟ್ಟಿನಲ್ಲಿ ಮಾತಾಡುವ ಕನ್ನಡ ಕೇಳಿ ನನಗೆ ಮೈ ಜುಂ ಎಂದಿತು. ರೈಲಿನ ರಿಯಾಯಿತಿ ಕೇಳಿದರು, ಕರಾವಳಿಯ ಮೀನುಗಾರರ ವಿಮೆ ಕೇಳಿದರು, ಗುಡ್ಡ ಕುಸಿದ ಊರುಗಳ ಹೆಸರನ್ನು ಚೀಟಿ ನೋಡದೆ ಒಂದೊಂದಾಗಿ ಹೇಳಿದರು. ಸಮಯ ಮುಗಿಯಿತೆಂದು ಪೀಠದಿಂದ ಗಂಟೆ ಹೊಡೆಯಿತು. ಅವರು ದನಿ ಏರಿಸಲಿಲ್ಲ, ಇಳಿಸಿದರು. ಇಳಿಸಿದ ದನಿಗೆ ಸಭೆ ಗಪ್‌ಚಿಪ್ಪಾಯಿತು.

“ಮಾನ್ಯ ಸಭಾಪತಿಗಳೇ, ಮೈಸೂರಿನ ನಜರ್‌ಬಾದಿನಿಂದ ಹಿರಿಯರೊಬ್ಬರ ಮನೆಯ ಪತ್ರ ಬಂದಿದೆ. ಅಳೆಯುವವರು ಮುಂಬಾಗಿಲಲ್ಲಿ ನಿಂತು ನೋಡಿ ಹೋದರು, ಮಳೆ ಹಿಂದಿನಿಂದ ಬಂದಿತ್ತು ಅಂತ. ಈ ದೇಶದ ವಿಪತ್ತು ಪರಿಹಾರದ ಪರಿಸ್ಥಿತಿಯನ್ನು ನಾನು ಒಂದು ವರ್ಷದಿಂದ ಹೇಳಲು ಒದ್ದಾಡುತ್ತಿದ್ದೇನೆ. ಇವರು ಎರಡು ಸಾಲಿನಲ್ಲಿ ಹೇಳಿದ್ದಾರೆ.”

ಮೈಕು ಆರಿತು. ಎದುರು ಪಕ್ಷದವರೂ ಮೇಜು ಕುಟ್ಟಿದರು. ಮೊಬೈಲಿನ ಸುತ್ತಲಿದ್ದ ಹನ್ನೆರಡು ತಲೆಗಳು ಒಂದೇ ಸಲಕ್ಕೆ ನನ್ನ ಕಡೆ ತಿರುಗಿದವು. ದೇವಸ್ಥಾನದಲ್ಲಿ ಪರದೆ ಸರಿದಾಗ ಜನ ನೋಡುತ್ತಾರಲ್ಲ, ಹಾಗೆ.

“ಸಾಮಿ, ನೀವೇನಾ?” ಎಂದ ನಂಜಯ್ಯ.

ಪತ್ರದ ಮೇಲಿದ್ದದ್ದು ನನ್ನ ಹೆಸರು. ಲಕೋಟೆ ನನ್ನದು, ಸ್ಟಾಂಪು ನನ್ನದು, ಅಂಟು ನನ್ನದು. ಪೆನ್ಸಿಲು ಸಹ, ನೋಡಿದರೆ, ನಾನು ತಂದದ್ದು. ತಲೆ ತಗ್ಗಿಸಿ ವಿನಯದಿಂದ “ಏನೋ, ತೋಚಿದ್ದನ್ನ ಬರೆದೆ” ಎಂದೆ. ಅಂಬುಜಾ ಅಲ್ಲಿರಲಿಲ್ಲ, ಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ಸಂಜೆ ವಿಷಯ ಹೇಳಿದಾಗ ಒಂದು ಹುರುಳಿಕಾಯಿಯ ನಾರು ಎಳೆದು, “ಇಂದ್ರಮ್ಮಂಗೆ ಬಿ ಆದ್ರೆ ಸಾಕು” ಎಂದಳು. ಅವಳಿಗೆ ಸಂಸತ್ತಿನ ಗಾಂಭೀರ್ಯ ಅರ್ಥವಾಗುವುದಿಲ್ಲ.

ಬೀದಿಗೆ ಅರ್ಥವಾಯಿತು. ಮಾರನೆಯ ದಿನದಿಂದ ನಮ್ಮ ಜಗಲಿಯ ಮೇಲೆ ಕೂರಲು ಜಾಗವಿಲ್ಲ. ಪಕ್ಕದ ಮನೆ ದೇವಿರಮ್ಮ ತೊಗರಿಬೇಳೆಯ ಬೆಲೆಯನ್ನು ದೆಹಲಿಗೆ ಮುಟ್ಟಿಸಬೇಕೆಂದು ಬಂದರು. ಒಬ್ಬರು ಅಳಿಯನ ವರ್ಗಾವಣೆ ತಂದರು, ಇನ್ನೊಬ್ಬರು ಚೀನಾ ಗಡಿ ತಂದರು. ಹಾಲಿನವನು ಹಾಲಿಗೆ ನೀರು ಹಾಕುವುದನ್ನು ಮೂರು ದಿನ ನಿಲ್ಲಿಸಿದ. ನಾನು ಯಾರಿಗೂ ಇಲ್ಲವೆನ್ನಲಿಲ್ಲ. “ಮುಂದಿನ ಅಧಿವೇಶನದಲ್ಲಿ ನೋಡೋಣ” ಎನ್ನುತ್ತಿದ್ದೆ. ಎಲ್ಲರೂ ಕೈಮುಗಿದು ಹೋಗುತ್ತಿದ್ದರು.

ಇಂದ್ರಮ್ಮ ಮಾತ್ರ ಏನೂ ಕೇಳಲಿಲ್ಲ. ಒಂದು ದಿನ ಬಂದು ಬಾಗಿಲ ಬಳಿ ನಿಂತು, “ಅಯ್ನೋರೆ, ನನ್ ಗ್ವಾಡೆ ಅಷ್ಟು ದೂರ ಹೋಗೈತಂತೆ” ಎಂದಳು. ಅವಳ ಕಣ್ಣಿನಲ್ಲಿ ಬೆರಗಿತ್ತು. ಅವಳಿಗೆ ನಾನು ಕೊಟ್ಟ ಮಾತು ಇಂದಿಗೂ ನೆನಪಿದೆ: ಬಿ ಅಲ್ಲ, ನಾನು ಮನಸ್ಸು ಮಾಡಿದರೆ ಎ.

ನವರಾತ್ರಿ ಬಂತು. ಸುಚಿತ್ರಾ ಅವರ ಆಪ್ತ ಸಹಾಯಕ ರಾಜೇಶ್ ಫೋನು ಮಾಡಿದರು. ಮೇಡಂ ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಆ ಗೋಡೆಯನ್ನು ನೋಡಲು ಬರುತ್ತಾರೆ, ಐದು ನಿಮಿಷ ಇರುತ್ತಾರೆ, ಹಾರ ತುರಾಯಿ ಏನೂ ಬೇಡ. ಅದೇ ದಿನ ಹತ್ತು ಗಂಟೆಗೆ ವಿಜಯ್‌ಕುಮಾರ್ ಮರು ಮಹಜರಿಗೆ ಬರುತ್ತಾರೆ. ಪರಿಹಾರದ ಪರಿಷ್ಕೃತ ಪಟ್ಟಿಗೆ ಅದೇ ಕೊನೆಯ ದಿನ, ಅಂದು ಸೇರದ ಹೆಸರು ಇನ್ನು ಸೇರುವುದಿಲ್ಲ.

ನನಗೆ ಕೇಳಿಸಿದ್ದು ಒಂದೇ: ಬರುತ್ತಾರೆ.

ಈಗ ನೀವು ಮೈಸೂರಿನವರಾಗಿ ಯೋಚಿಸಿ. ನವರಾತ್ರಿ. ಮನೆಗೆ ರಾಜ್ಯಸಭೆ ಬರುತ್ತಿದೆ. ಆ ಮನೆಯಲ್ಲಿ ಕಾಲಿಟ್ಟಲ್ಲಿ ಮಣ್ಣು, ಮೇಲೆ ನೋಡಿದರೆ ಆಕಾಶ. ನಮ್ಮ ತಾತ ಅರಮನೆಯಲ್ಲಿ ದಸರೆಯ ಆಸನಗಳ ಉಸ್ತುವಾರಿಯಲ್ಲಿದ್ದವರು. ವೈಸ್‌ರಾಯ್ ಕೂರುವ ಕುರ್ಚಿಯನ್ನು ಮೊದಲು ತಾವು ಕೂತು ಪರೀಕ್ಷಿಸುತ್ತಿದ್ದರೆಂದು ನಾನು ಹೇಳಿದಾಗಲೆಲ್ಲ ಅಂಬುಜಾ ಎದ್ದು ಒಳಗೆ ಹೋಗುತ್ತಾಳೆ. ಅಂಥ ವಂಶದವನು ಸಂಸತ್ತನ್ನು ಕೆಸರಿನಲ್ಲಿ ನಿಲ್ಲಿಸುವುದು ಹೇಗೆ? ನಂಜಯ್ಯನ ಅಂಗಡಿಯಲ್ಲಿ ಸಭೆ ಕರೆದೆ. ಇದು ಒಬ್ಬರ ಗೋಡೆಯ ಪ್ರಶ್ನೆಯಲ್ಲ, ನಜರ್‌ಬಾದಿನ ಮರ್ಯಾದೆಯ ಪ್ರಶ್ನೆ ಎಂದೆ. ನಂಜಯ್ಯನ ಕಣ್ಣು ತುಂಬಿತು. “ನೀವು ಉಂ ಅನ್ನಿ ಸಾಮಿ, ಅರಮನೆ ಮಾಡ್ಬುಡ್ತೀನಿ” ಎಂದ. ನಾನು ಉಂ ಎಂದೆ.

ಗುರುವಾರ ಬೆಳಗ್ಗೆ ಇಂದ್ರಮ್ಮ ಮಗಳ ಮನೆಗೆ ಅರಿಶಿನ ಕುಂಕುಮಕ್ಕೆಂದು ಹೋದಳು. ಅವಳು ಬೀದಿಯ ತಿರುವು ದಾಟುವುದನ್ನೇ ಕಾದಿದ್ದು ಕೆಲಸಕ್ಕೆ ಕೈಹಾಕಿದೆವು. ಬಿದ್ದ ಮಣ್ಣು ಎರಡು ಟ್ರ್ಯಾಕ್ಟರಿನಲ್ಲಿ ವಿಜಯನಗರದ ಕಡೆ ಯಾರದೋ ಸೈಟು ತುಂಬಿಸಲು ಹೋಯಿತು. ಒಡೆದ ಹೆಂಚನ್ನು ಗುಡಿಸಿದೆವು. ನೆಲ ಸಾರಿಸಿದೆವು. ಗೋಡೆ ಕಿತ್ತುಕೊಂಡ ಅಂಚು ಎರಡೂ ಕಡೆ ಹಲ್ಲು ಕಿರಿಯುತ್ತಿತ್ತು. ಅದನ್ನು ಗಾರೆಯಿಂದ ನುಣ್ಣಗೆ ಮಾಡಿಸಿ ಸುಣ್ಣ ಬಳಿಸಿದೆ. ಆಕಾಶ ಕಾಣುತ್ತಿದ್ದ ಕಡೆ ನಂಜಯ್ಯ ಜರಿಯ ಮೇಲ್ಕಟ್ಟು ಕಟ್ಟಿದ. ಗೋಡೆಯಿದ್ದ ಜಾಗಕ್ಕೆ ಕೆಂಪು ಮಖಮಲ್ಲಿನ ಪರದೆ. ಪರದೆಯ ಮುಂದೆ, ನೋಡಿ, ಇದು ನನ್ನ ಬುದ್ಧಿ, ನಮ್ಮ ಮನೆಯ ದಸರಾ ಗೊಂಬೆಗಳನ್ನೆಲ್ಲ ಎತ್ತಿಸಿ ತಂದು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದೆ. ತುತ್ತತುದಿಯಲ್ಲಿ ಪಟ್ಟದ ರಾಜ ರಾಣಿ, ಕೆಳಗೆ ದರ್ಬಾರು, ಅದರ ಕೆಳಗೆ ಆನೆ ಅಂಬಾರಿ, ಕೊನೆಯಲ್ಲಿ ಶೆಟ್ಟಿ ಅಂಗಡಿ. ನಾನೇ ಬಾಗಿಲಲ್ಲಿ ನಿಂತು ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. ಇಷ್ಟು ಚೆಂದದ ಪ್ರಕೃತಿ ವಿಕೋಪವನ್ನು ಈ ದೇಶ ಕಂಡಿರಲಾರದು.

ಅಂಬುಜಾ ಖಾಲಿಯಾದ ಗೊಂಬೆ ಪೆಟ್ಟಿಗೆಗಳ ಜಾಡು ಹಿಡಿದು ಬಂದಳು. ಸುತ್ತ ನೋಡಿ, “ಏನೂಂದ್ರೆ, ಮಣ್ಣೆಲ್ಲಿ?” ಎಂದಳು. ನಾನು ಮರ್ಯಾದೆ, ಪರಂಪರೆ, ಸಂಸತ್ತು ಎಂದೆಲ್ಲ ವಿವರಿಸಿದೆ. ಅವಳು ಮತ್ತೆ “ಮಣ್ಣೆಲ್ಲಿ?” ಎಂದಳು. ಹೆಂಗಸರು ಕೆಲವೊಮ್ಮೆ ಒಂದೇ ಕಡೆ ನಿಂತುಬಿಡುತ್ತಾರೆ.

ಶುಕ್ರವಾರ ಬೆಳಗ್ಗೆ ಮೊದಲ ಬಸ್ಸಿಗೆ ಬಂದ ಇಂದ್ರಮ್ಮ ತನ್ನ ಮನೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅದು ಬೇರೆ ಯಾರದೋ ಮನೆಯೆಂದು ತಿಳಿದು ಮತ್ತೆ ಚಪ್ಪಲಿ ಹಾಕಿಕೊಂಡಳು. ಆಮೇಲೆ ಒಳಗೆ ಬಂದು ಗೊಂಬೆ ನೋಡಿದಳು, ಪರದೆ ಮುಟ್ಟಿದಳು.

“ಚೆಂದಾಗೈತೆ ಅಯ್ನೋರೆ. ಆದ್ರೆ ಬಿದ್ದಿದ್ದು ಕಾಣ್ಬೇಕಲ್ವಾ? ಮುಚ್ಬುಟ್ರೆ ಅವ್ರು ಏನ್ ನೋಡ್ತಾರೆ?”

ನಾನು ನಕ್ಕೆ. ದೊಡ್ಡವರ ಕಣ್ಣು ಬೇರೆ ಇಂದ್ರಮ್ಮ, ಅವರಿಗೆ ಮುಚ್ಚಿಟ್ಟದ್ದೇ ಚೆನ್ನಾಗಿ ಕಾಣುತ್ತದೆ ಎಂದೆ. ಯಾವ ಅರ್ಥದಲ್ಲಿ ಹೇಳಿದೆನೋ ನನಗೂ ಗೊತ್ತಿಲ್ಲ, ಅವಳು ನಂಬಿದಳು.

ಹತ್ತಕ್ಕೆ ಸರಿಯಾಗಿ ವಿಜಯ್‌ಕುಮಾರ್ ಬಂದರು. ಈ ಸಲ ಕೊಡೆ ಇಲ್ಲ, ಅಳತೆಯ ಟೇಪು ಇತ್ತು. ಮೊದಲ ಸಲ ಆದ ತಪ್ಪು ಅವರ ಮನಸ್ಸಿನಲ್ಲಿತ್ತೆಂದು ಕಾಣುತ್ತದೆ, ಬಂದವರೇ ಇಂದ್ರಮ್ಮನಿಗೆ ನಮಸ್ಕಾರ ಮಾಡಿ, “ಇವತ್ತು ಪೂರ್ತಿ ನೋಡ್ತೀನಮ್ಮ” ಎಂದರು. ಪೂರ್ತಿ ನೋಡಿದರು. ಗೊಂಬೆಗೆ ಕೈಮುಗಿದರು. ಕೋಸಂಬರಿ ತಿಂದರು. ಬೂಟು ಬಿಚ್ಚಿ ಪರದೆಯ ಹಿಂದೆ ಹೋದರು. ತುಂಬ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖದಲ್ಲಿ ಗೊಂದಲವಿತ್ತು.

“ಬಿದ್ದ ಮಣ್ಣು ಎಲ್ಲಿ ಸಾರ್?”

ವಿಜಯನಗರ ಎಂದೆ.

ಅವರು ಟೇಪನ್ನು ಜೇಬಿಗೆ ಹಾಕಿಕೊಂಡರು. ಮಣ್ಣಿದ್ದರೆ ಗೋಡೆ ಎಷ್ಟಿತ್ತು, ಯಾವಾಗ ಬಿತ್ತು ಎಂದು ಬರೆಯಬಹುದಿತ್ತಂತೆ. ಅಂಚು ಒಡೆದಿದ್ದರೂ ಬರೆಯಬಹುದಿತ್ತು. ಅಂಚು ಅಮೃತಶಿಲೆಯ ಹಾಗಿದೆ, ನೆಲ ಕನ್ನಡಿಯ ಹಾಗಿದೆ. “ನೋಡಿದ್ರೆ ಗಾಳಿ ಬೆಳಕಿಗೆ ಅಂತ ಬಿಟ್ಟಂಗಿದೆ ಸಾರ್. ಇದು ಈ ಮಳೆಗೇ ಬಿತ್ತು ಅಂತ ನಾನು ಹೇಗೆ ಬರೀಲಿ? ಹತ್ತು ವರ್ಷದ ಹಿಂದೆ ನೀವೇ ತೆಗೆಸಿರಬಹುದು.” ಕಂಡದ್ದನ್ನು ಬಿಟ್ಟು ಬೇರೆ ಬರೆದರೆ ತಮ್ಮ ಕೆಲಸ ಹೋಗುತ್ತದೆ ಎಂದರು. ಕುರ್ಚಿಯ ಮೇಲೆ ಕೂತು ನಿಧಾನವಾಗಿ ಬರೆದರು: ಮನೆಯು ಹಬ್ಬಕ್ಕೆ ಸಿಂಗಾರಗೊಂಡಿದೆ, ಮಳೆಯಿಂದಾದ ಹಾನಿ ದೃಢಪಡುವುದಿಲ್ಲ. ಹಳೆಯ ಕಾಗದದ ಮೇಲಿದ್ದ ಸಿ ಅಕ್ಷರದ ಮೇಲೂ ಒಂದು ಗೀಟು ಬಿತ್ತು.

ಇಂದ್ರಮ್ಮ ಕೂಗಾಡುತ್ತಾಳೆಂದು ನಾನು ಎದುರು ನೋಡಿದೆ. ಕೂಗಾಡಿದ್ದರೆ ಸಮಾಧಾನ ಮಾಡುವ ಕಲೆ ನನಗೆ ಬರುತ್ತದೆ.

“ಸಿ ಆದ್ರೂ ಇತ್ತು ಅಯ್ನೋರೆ” ಎಂದಳು, ಅಷ್ಟೇ.

ಬೀದಿಯ ಜನ ನನ್ನನ್ನು ನೋಡಿದರು. ಪರವಾಗಿಲ್ಲ, ಇನ್ನೊಂದು ಗಂಟೆಯಲ್ಲಿ ಮೇಡಂ ಬಂದು ಒಂದು ಕಣ್ಸನ್ನೆ ಮಾಡಿದರೆ ಇಡೀ ರೆವಿನ್ಯೂ ಇಲಾಖೆ ಕೈಕಟ್ಟಿ ನಿಲ್ಲುತ್ತದೆ ಎಂದೆ. ಹೇಳುವಾಗ ನನ್ನ ದನಿ ನನಗೇ ಟಿಕೆಟ್ ಕೌಂಟರಿನ ಕಿಂಡಿಯಿಂದ ಬಂದ ಹಾಗೆ ಕೇಳಿಸಿತು.

ಹನ್ನೊಂದಕ್ಕೆ ಬಂದರು. ಸೈರನ್ ಇಲ್ಲ, ಹಿಂಬಾಲಕರ ದಂಡಿಲ್ಲ, ಬಾಡಿಗೆ ಕಾರು, ಜೊತೆಗೆ ರಾಜೇಶ್ ಒಬ್ಬರೇ. ಆಳು ಟಿವಿಯಲ್ಲಿ ಕಂಡದ್ದಕ್ಕಿಂತ ಗಿಡ್ಡ. ಆದರೆ ಅವರು ಬಾಗಿಲು ದಾಟಿದಾಗ ಬೀದಿಯ ಅರವತ್ತು ಮನೆಯವರೂ ತಾವಾಗಿ ದಾರಿ ಬಿಟ್ಟರು. ತೆಂಗಿನಕಾಯಿ ಒಡೆಯಲು ಕೈ ಎತ್ತಿದ ನಂಜಯ್ಯ ಎತ್ತಿದ ಹಾಗೇ ನಿಂತ. ದೊಡ್ಡವರನ್ನು ನಾನು ಕಂಡಿದ್ದೇನೆ. ಮೃಗಾಲಯಕ್ಕೆ ಬಂದ ಮಂತ್ರಿಗಳು ಹುಲಿಗೂ ಕೈಬೀಸಿದ್ದಾರೆ. ಇವರು ಹಾಗಲ್ಲ, ಬಂದವರೇ ಇಂದ್ರಮ್ಮನ ಪಕ್ಕ ನೆಲದ ಮೇಲೆ ಕೂತು, “ಅಮ್ಮ, ಇಡ್ಲಿ ಎಲ್ಲಿ ಬೇಯಿಸ್ತಿದ್ರಿ?” ಎಂದು ಕೇಳಿದರು.

ಇಂದ್ರಮ್ಮ ಗೊಂಬೆಗಳ ಹಿಂದಕ್ಕೆ ಕೈತೋರಿಸಿದಳು.

ಅವರು ಎದ್ದು ಶೆಟ್ಟಿ ಅಂಗಡಿಯ ಪಕ್ಕದಿಂದ ಸೆರಗು ಒತ್ತಿಹಿಡಿದು ನುಸುಳಿ, ಮಖಮಲ್ಲಿನ ಪರದೆಯನ್ನು ಒಂದು ಕಡೆಗೆ ಎಳೆದರು. ಪಟ್ಟದ ರಾಜ ರಾಣಿಯ ಹಿಂದೆ ಚಾಮುಂಡಿ ಬೆಟ್ಟ ಎದ್ದುನಿಂತಿತು. ಗೋಪುರ, ಮೆಟ್ಟಿಲ ದಾರಿ, ಮೇಲೆ ಮೋಡ, ಎಲ್ಲ. ಗೋಡೆ ಅಷ್ಟು ದೊಡ್ಡದಾಗಿ ಬಿದ್ದಿದೆಯೆಂದು ನಮಗೆ ಯಾರಿಗೂ ಅಲ್ಲಿಯವರೆಗೆ ತೋಚಿರಲಿಲ್ಲ. ಎರಡು ತಿಂಗಳು ಮಣ್ಣಿನ ರಾಶಿ ನೋಡಿದ್ದೆವು, ಬಯಲನ್ನು ನೋಡಿರಲಿಲ್ಲ. ಬೀದಿಯ ಹೆಂಗಸರಲ್ಲಿ ಇಬ್ಬರು ಕೈಮುಗಿದರು. ಬೆಟ್ಟಕ್ಕೋ, ಪರದೆ ಎಳೆದವರಿಗೋ ತಿಳಿಯಲಿಲ್ಲ.

“ಇಷ್ಟು ನೀಟಾಗಿ ಯಾರು ಮಾಡಿದ್ದು?” ಎಂದು ಕೇಳಿದರು ಸುಚಿತ್ರಾ. ಎಲ್ಲರೂ ನನ್ನ ಕಡೆ ನೋಡಿದರು. ನಾಚಿಕೆಯಿಂದ ಹೇಳುತ್ತೇನೆ, ಒಂದು ಕ್ಷಣ ನನಗೆ ಹೆಮ್ಮೆಯಾಯಿತು.

ವಿಜಯ್‌ಕುಮಾರ್ ಕಾಗದ ತೋರಿಸಿದರು. ಸುಚಿತ್ರಾ ಅವರು ಎರಡು ಸಲ ಓದಿದರು. ನಾನು ಕಣ್ಸನ್ನೆಗಾಗಿ ಕಾದೆ. ಬರಲಿಲ್ಲ. ಗದರಲಿಲ್ಲ, ಮೇಲಿನವರಿಗೆ ಫೋನು ಹಚ್ಚಲಿಲ್ಲ. ನೀವು ಬರೆದದ್ದರಲ್ಲಿ ತಪ್ಪಿಲ್ಲ ಎಂದು ವಿಜಯ್‌ಕುಮಾರರಿಗೇ ಹೇಳಿದರು. ಆಮೇಲೆ ನಿಯಮದ ಸಂಖ್ಯೆಯನ್ನು ಬಾಯಿಪಾಠವಾಗಿ ಹೇಳಿ, ಗೋಡೆ ಇದ್ದದ್ದನ್ನೂ ಬಿದ್ದದ್ದನ್ನೂ ಕಂಡವರು, ಮಣ್ಣು ಸಾಗಿಸಿದವರು ಸ್ವಂತ ಕೈಯಲ್ಲಿ ಹೇಳಿಕೆ ಕೊಟ್ಟರೆ ಮಹಜರಿನಲ್ಲಿ ಸೇರಿಸಲು ಬರುತ್ತದಲ್ಲವೇ ಎಂದು ಕೇಳಿದರು.

“ಬರುತ್ತೆ ಮೇಡಂ” ಎಂದರು ವಿಜಯ್‌ಕುಮಾರ್. “ಆದ್ರೆ ಮುಟ್ಟಬೇಡಿ ಅಂತ ಹೇಳಿದ್ಮೇಲೂ ಸಾಕ್ಷ್ಯ ತೆಗೆದೆ ಅಂತ ಅವರೇ ಒಪ್ಕೊಂಡಂಗಾಗುತ್ತೆ. ಇಲ್ಲೇ ಎಲ್ಲರ ಮುಂದೆ ಓದಿ ಹೇಳ್ಬೇಕು. ನಾಳೆ ಮೇಲಿನವರು ಕರೆದು ಕೇಳಿದ್ರೆ ಹೋಗಿ ನಿಲ್ಬೇಕು.”

ನಾನು ಸುಚಿತ್ರಾ ಅವರ ಬಳಿ ಹೋಗಿ ಸಣ್ಣ ದನಿಯಲ್ಲಿ, ತಾವೇ ಒಂದು ಸಾಲು ಬರೆದು ಸಹಿ ಮಾಡಿಬಿಟ್ಟರೆ ಸಾಕಲ್ಲವೇ ಎಂದೆ. ಅವರು ನನ್ನನ್ನು ನೋಡಿದ ರೀತಿ ಮರೆಯಲಾರೆ. ಕೋಪವಿರಲಿಲ್ಲ.

“ನನಗೆ ದೆಹಲೀಲಿ ಮೂರು ನಿಮಿಷ ಇದೆ ಸರ್. ಈ ಕಾಗದದಲ್ಲಿ ಜಾಗ ಇಲ್ಲ. ಮಹಜರಿಗೆ ಪಾರ್ಲಿಮೆಂಟಿನ ಸಹಿ ನಡೆಯಲ್ಲ, ಅಕ್ಕಪಕ್ಕದವರದ್ದೇ ಆಗಬೇಕು. ನೀವು ಆ ಎರಡು ಸಾಲು ಬರೆದವರು, ನಿಮಗೆ ಇದೇನು ಕಷ್ಟ?”

ಅರವತ್ತು ಮನೆ ಕೇಳುತ್ತಿತ್ತು. ನಂಜಯ್ಯನ ಕೈಯಲ್ಲಿ ತೆಂಗಿನಕಾಯಿ ಇನ್ನೂ ಮೇಲೇ ಇತ್ತು. ನಾನು ಅಂಬುಜಾಳನ್ನು ನೋಡಿದೆ. ಅವಳು ಗೊಂಬೆಗಳನ್ನು ನೋಡುತ್ತಿದ್ದಳು, ನನಗೆ ಸಹಾಯವೂ ಮಾಡಲಿಲ್ಲ, ಸಿಕ್ಕಿಸಲೂ ಇಲ್ಲ. ಇಂದ್ರಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಒಲೆಯಿದ್ದ ಜಾಗದಲ್ಲಿ ನಾವು ಹಾಕಿದ ರಂಗೋಲಿಯನ್ನು ನೋಡುತ್ತಿದ್ದಳು.

“ಆ ಎರಡು ಸಾಲು ಇವಳದ್ದು” ಎಂದೆ. “ಮಿಕ್ಕ ಹನ್ನೊಂದು ಪುಟ ನನ್ನದು.”

ಬೀದಿಯಲ್ಲಿ ಒಂದು ಉಸಿರು ಎದ್ದು ಕೂತಿತು. ಸುಚಿತ್ರಾ ಅವರು ಅಂಬುಜಾಗೆ ಕೈಮುಗಿದರು. ರಾಜ್ಯಸಭೆ ನನ್ನ ಹೆಂಡತಿಗೆ ಕೈಮುಗಿಯುವುದನ್ನು ನಾನು ಈ ಕಣ್ಣಲ್ಲಿ ನೋಡಿದೆ. ಅಂಬುಜಾ ತಬ್ಬಿಬ್ಬಾಗಿ ಕೋಸಂಬರಿ ತಟ್ಟೆ ಮುಂದೆ ಹಿಡಿದಳು. ಆಮೇಲೆ ವಿಜಯ್‌ಕುಮಾರರ ಕೈಯಿಂದ ಪೆನ್ನು ತೆಗೆದುಕೊಂಡು ನನ್ನ ಕೈಯಲ್ಲಿಟ್ಟು, “ಇದನ್ನ ನೀವೇ ಬರೀಬೇಕು ಕಣ್ರೀ” ಎಂದಳು.

ಬರೆಯಲು ಕೂತೆ. ಅಲ್ಲಿಂದ ಮುಂದಿನ ಅರ್ಧ ಗಂಟೆಯಷ್ಟು ಕಷ್ಟ ನಾನು ಜೀವಮಾನದಲ್ಲಿ ಪಟ್ಟಿಲ್ಲ. ಮಳೆ ಪ್ರಳಯದಂತೆ ಸುರಿಯಿತು ಎಂದು ಬರೆದೆ. ವಿಜಯ್‌ಕುಮಾರ್ ‘ಪ್ರಳಯದಂತೆ’ ಹೊಡೆದುಹಾಕಿಸಿದರು. ಮಣ್ಣು ಹತ್ತು ಟ್ರ್ಯಾಕ್ಟರ್ ಎಂದು ಬರೆದೆ. ನಂಜಯ್ಯ ಮೆಲ್ಲಗೆ, “ಎರಡು, ಸಾಮಿ” ಎಂದ. ಗೊಂಬೆ ಮೆಟ್ಟಿಲು ಒಂಬತ್ತು ಎಂದು ಬರೆದೆ. ವಿಜಯ್‌ಕುಮಾರ್ ಎದ್ದು ಹೋಗಿ ಎಣಿಸಿ ಬಂದು, ಐದು ಸಾರ್ ಎಂದರು. ಗೊಂಬೆ ಅರಮನೆಯಿಂದ ಬಂದದ್ದು ಎಂಬ ಮಾತನ್ನು ಅಂಬುಜಾ ಕೆಮ್ಮಿಯೇ ತೆಗೆಸಿದಳು. ಒಂದೊಂದಾಗಿ ಎಲ್ಲ ಕಳಚಿಕೊಂಡು ಕೊನೆಗೆ ಮಿಕ್ಕದ್ದು ಹೊದಿಕೆ ಕಿತ್ತ ಪುಸ್ತಕದ ಹಾಗಿತ್ತು. ಮಳೆಗೆ ಗೋಡೆ ಬಿತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಉದ್ದ ಹದಿನಾರು ಅಡಿ. ಹೆಂಚು ಅರ್ಧ ಹೋಗಿದೆ. ಮಣ್ಣು ತೆಗೆಯಬಾರದೆಂದು ಗೊತ್ತಿದ್ದೂ ತೆಗೆಸಿದೆ. ಅಂಚಿಗೆ ಸುಣ್ಣ ಬಳಿಸಿದ್ದೂ ನಾನೇ.

ವಿಜಯ್‌ಕುಮಾರ್ ಗಟ್ಟಿಯಾಗಿ ಓದಿದರು. ಓದುತ್ತ ಒಂದು ಕಡೆ ನಿಂತು, “ತೆಗೆಸಿದ ಕಾರಣ ಅಂತ ಒಂದು ಕಾಲಂ ಇದೆ ಸಾರ್. ಏನ್ ಹಾಕ್ಲಿ?” ಎಂದರು.

ನಜರ್‌ಬಾದಿನ ಮರ್ಯಾದೆ ಎಂದು ಹೇಳಲು ಬಾಯಿ ತೆರೆದೆ. ಇಂದ್ರಮ್ಮ ತಲೆ ಎತ್ತಿದಳು.

“ಜಂಬ ಅಂತ ಹಾಕಿ” ಎಂದೆ.

ಸಹಿ ಮಾಡಿದೆ. ನಂಜಯ್ಯ ಮಾಡಿದ. ದೇವಿರಮ್ಮ ಹೆಬ್ಬೆಟ್ಟೊತ್ತಿದರು. ಬೀದಿಯವರು ಸಾಲು ನಿಂತು ಮಾಡಿದರು, ಕಾಗದದ ಹಿಂಬದಿಯೂ ತುಂಬಿತು. ಯಾರೂ ನಗಲಿಲ್ಲ. ಐದು ನಿಮಿಷಕ್ಕೆ ಬಂದವರು ಒಂದೂವರೆ ಗಂಟೆ ನಿಂತು ಕೊನೆಯ ಸಹಿಯವರೆಗೂ ನೋಡಿದರು. ಹೊರಡುವಾಗ ಸುಚಿತ್ರಾ ಅವರು ಮಹಜರಿನ ಒಂದು ನಕಲು ಕೇಳಿ ಪಡೆದರು. ಮನೆ ಬಿದ್ದವರು ಹಬ್ಬಕ್ಕೆ ಮನೆ ಚೊಕ್ಕಟ ಮಾಡಿಕೊಂಡರೆ ಪರಿಹಾರ ತಪ್ಪಿಹೋಗುವ ನಿಯಮವನ್ನು ಯಾರೋ ಹಬ್ಬವಿಲ್ಲದ ಊರಿನವರು ಮಾಡಿರಬೇಕು, ಇದನ್ನು ಸಮಿತಿಯ ಮುಂದೆ ಇಡುತ್ತೇನೆ ಎಂದರು. ಕಾರು ತಿರುವು ದಾಟುವವರೆಗೂ ನಾವ್ಯಾರೂ ಕದಲಲಿಲ್ಲ.

ದೀಪಾವಳಿಗೆ ಮುಂಚೆ ಬಿ ಬಂತು. ಇಂದ್ರಮ್ಮನ ಗೋಡೆ ಈಗ ಸೊಂಟದ ಎತ್ತರಕ್ಕೆ ಎದ್ದಿದೆ, ಇಟ್ಟಿಗೆಯದು. ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ದಿನಾ ವಿಚಾರಿಸುತ್ತಾರೆ. ಜನ ಈಗ ರಾಷ್ಟ್ರೀಯ ಸಮಸ್ಯೆಗಳನ್ನು ಅಂಬುಜಾ ಬಳಿ ತರುತ್ತಾರೆ, ಅವಳು ಎರಡೆರಡು ಸಾಲಿನಲ್ಲಿ ಮುಗಿಸುತ್ತಾಳೆ. ಅಂಟು ಹಚ್ಚುವ ಕೆಲಸ ನನ್ನದು.

ಆದರೆ ಒಂದು ಮಾತು. ಮೊನ್ನೆ ರಾಜೇಶ್ ಫೋನು ಮಾಡಿದ್ದರು. ಮಹಜರು ಸಮಿತಿಯ ಮುಂದೆ ಹೋಗಿದೆಯಂತೆ, ಇಂಗ್ಲಿಷಿಗೂ ಹಿಂದಿಗೂ ಅನುವಾದವಾಗಿದೆಯಂತೆ, ಕಾರಣದ ಕಾಲಮ್ಮಿನ ಮೇಲೆ ಇಬ್ಬರು ಕಾರ್ಯದರ್ಶಿಗಳು ಅರ್ಧ ದಿನ ಚರ್ಚೆ ಮಾಡಿದರಂತೆ. ಸರಿಯಾದ ಕೆಲಸ ಮಾಡಿ ದೆಹಲಿ ಮುಟ್ಟಿದವರು ಮೈಸೂರಿನಲ್ಲಿ ಎಷ್ಟೋ ಮಂದಿ ಇದ್ದಾರೆ. ತಪ್ಪು ಮಾಡಿ, ಅದೂ ಅಳತೆ ಸಮೇತ, ಮೂರು ಭಾಷೆಯಲ್ಲಿ ಅಲ್ಲಿಯವರೆಗೆ ಹೋದವನು ನಾನೊಬ್ಬನೇ. ಇದರಲ್ಲಿ ಒಂದು ಅಕ್ಷರವೂ ಹೆಚ್ಚಿಲ್ಲ, ಬೇಕಾದರೆ ವಿಜಯ್‌ಕುಮಾರರನ್ನು ಕೇಳಿ.